ಆಚೆಮನೆಯ ಕಾಟುಮಾವಿನ ಮರ

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ತಾರಸಿಗೆ ಹೋಗಿ ಬರೋಣವೆಂದು ಮೆಟ್ಟಿಲು ಹತ್ತಿದೆ. ಮೊದಮೊದಲು ಹಾಲು ಉಕ್ಕಿ ಒಲೆಯೆಲ್ಲ ಅಂಟಾದಾಗ ನಮ್ಮವರು, "ಹದ್ದಿಗ್ ಚಾ ಕೊಟ್ಟ್ ಬಂದ್ಯಾ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ತಾವೇ ಎದ್ದು ಉರಿ ಸಣ್ಣ ಮಾಡುತ್ತಾರೆ.

ನಮ್ಮ ತಾರಸಿಗೆ ಆಚೆಮನೆಯ ಕಾಟುಮಾವಿನ ಮರದ ನೆತ್ತಿ ಸರಿಯಾಗಿ ಎದುರು ಬರುತ್ತದೆ. ದಪ್ಪ ಕೊಂಬೆಗಳು ಕವಲೊಡೆಯುವಲ್ಲಿ ಕಡಲ ಹದ್ದಿನ ಗೂಡು. ಬೀಜಾಡಿಯ ಕಡಲು ಅಲ್ಲಿಂದ ಕೂಗಳತೆಯಷ್ಟು ದೂರ. ತಾಯಿ ಹದ್ದು ಗೂಡಿನ ಅಂಚಿನಲ್ಲಿ ನಿಂತಿತ್ತು, ಎದೆ ಆಗಷ್ಟೇ ಇಸ್ತ್ರಿ ಮಾಡಿದ ಅಂಗಿಯಷ್ಟು ಬಿಳಿ. ಮರಿ ಕಂದು ಬಣ್ಣದ್ದು. ರೆಕ್ಕೆ ಬಿಚ್ಚಿ, ಗಾಳಿಗೆ ಒಡ್ಡಿ, ಏನೋ ಹೆದರಿಕೆಯಾದಂತೆ ಮತ್ತೆ ಮಡಚಿಕೊಂಡಿತು. ಹಾರಲಿಲ್ಲ. "ಹಾರು ಮಾರಾಯ್ತಿ, ಇವತ್ತಾದರೂ ಹಾರು" ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅದು ಹೆಣ್ಣೋ ಗಂಡೋ ನನಗೆ ಗೊತ್ತಿರಲಿಲ್ಲ.

ಮರದ ಬುಡದಲ್ಲಿ ನೈಲಾನ್ ಹಗ್ಗದ ಸುರುಳಿ ಬಿದ್ದಿತ್ತು. ಹಿಂದಿನ ಸಂಜೆ ಮರ ಕಡಿಯುವವನು ಬಂದು, ಬುಡವನ್ನು ತಬ್ಬಿ ಅಳತೆ ನೋಡಿ, ನಾಳಿದ್ದು ಹೇಗೂ ಬರುವುದೇ ಎಂದು ಹಗ್ಗವನ್ನು ಅಲ್ಲೇ ಬಿಟ್ಟು ಹೋಗಿದ್ದ. ನಾಳಿದ್ದು ಎಂದರೆ ಸೋಮವಾರ. ಮರಿ ಹಾರಲು ಇನ್ನೂ ಕೆಲವು ವಾರ ಬೇಕು ಎಂದು ನಮ್ಮ ಚಿತ್ರ ಬರೆಯುವ ಬಳಗದ ಮಾಷ್ಟ್ರು ಹೇಳಿದ್ದರು. ಮರ ಉರುಳಿದರೆ ಅದೂ ಉರುಳುತ್ತದೆ. ದೋಸೆ ಹೊಯ್ಯುವಾಗ ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು.

ಮರ ಆಚೆಮನೆಯ ಅಕ್ಕನದು. ಅವರ ಗಂಡ ಮದುವೆ ಮುಂಜಿಗಳಿಗೆ ಅಡುಗೆ ವಹಿಸಿಕೊಳ್ಳುವವರು. ವಾರದಲ್ಲಿ ಹೆಚ್ಚು ದಿನ ಮನೆಯ ಹೊರಗೆ. ಮನೆ, ಮರ, ಬಾವಿ, ತುಳಸಿಕಟ್ಟೆ ಎಲ್ಲದರ ಯಜಮಾನಿಕೆ ಅಕ್ಕನದೇ. ಅವರದು ಈರುಳ್ಳಿಯನ್ನೂ ದಿನ ನೋಡಿ ಹೆಚ್ಚುವ ಮನೆ. ನಮ್ಮದು ಮೀನಿಲ್ಲದೆ ಊಟ ಇಳಿಯದ ಮನೆ. ನಡುವೆ ಸೊಂಟದೆತ್ತರದ ಪಾಗಾರ. ಅದರ ಮೇಲಿಂದ ಕರಿಬೇವು, ಬಸಳೆ, ಹೆಪ್ಪಿಗೆ ಮಜ್ಜಿಗೆ ಎಲ್ಲವೂ ಓಡಾಡುತ್ತದೆ.

ಹದ್ದು ಗೂಡು ಕಟ್ಟಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅಕ್ಕ ಪಾಗಾರದ ಬಳಿ ಬಂದು, ಧ್ವನಿ ತಗ್ಗಿಸಿ, "ಹೆಣೆ, ಬೇಜಾರ್ ಮಾಡ್ಕಣ್ಬೇಡ. ನಿಮ್ಮನಿ ಮೀನಿನ್ ಮುಳ್ಳ್ ನಮ್ಮ ತುಳಸಿಕಟ್ಟಿ ಹತ್ರ ಹ್ಯಾಂಗ್ ಬಂತ್?" ಎಂದು ಕೇಳಿದ್ದರು.

"ಅಕ್ಕ, ಇವತ್ತ್ ಸೋಮವಾರ ಅಲ್ದಾ? ನಮ್ಮನಿಯಂಗ್ ಮೀನೇ ಇಲ್ಲೆ" ಎಂದೆ. ಅಷ್ಟರಲ್ಲಿ ಮೇಲಿಂದ ಏನೋ ತೊಪ್ಪನೆ ಬಿತ್ತು. ಪಟ್ಟೆ ಪಟ್ಟೆಯ ಕಡಲ ಹಾವಿನ ಬಾಲದ ತುಂಡು. ಇಬ್ಬರೂ ತಲೆ ಎತ್ತಿ ನೋಡಿದೆವು. "ಅಯ್ಯೋ ರಾಮ, ಇದ್ ಎಂತ ಗಿರಾಚಾರ!" ಎಂದು ಅಕ್ಕ ಸೀದಾ ಬಾವಿಗೆ ಹೋಗಿ ಕೊಡಪಾನ ನೀರು ತಲೆಗೆ ಸುರಿದುಕೊಂಡರು.

ಆಮೇಲೆ ದಿನಾ ಅದೇ. ಮುಳ್ಳು, ಚಿಪ್ಪು, ಹಾವಿನ ಬೆನ್ನೆಲುಬು. ಬಾವಿಗೆ ಬಲೆ ಹಾಕಿಸಿದರು. ಸಾಲದಾಯಿತು. ಈ ಸಲ ಕೊನೆಗೆ ಹೇಳಿದರು: "ಎರಡ್ ವರ್ಷ ಆಯ್ತ್, ಉಪ್ಪಿನ್ಕಾಯಿಗ್ ಒಂದ್ ಮಿಡಿ ಕೊಡ್ಲಿಲ್ಲೆ ಈ ಮರ. ಮುದ್ಕ ಮರ ಆಯ್ತ್ ಅದ್. ಬರೀ ಮುಳ್ಳ್ ಉದುರ್ಸುಕ್ ಇಟ್ಕಂಬ್ದಾ?" ಹೆಕ್ಕುವ ಕೈ ಅವರದು, ನೋಡಿ ಖುಷಿಪಡುವ ಕಣ್ಣು ನನ್ನದು.

"ಅರಣ್ಯ ಇಲಾಖೆಗ್ ಒಂದ್ ಫೋನ್ ಮಾಡ್" ಎಂದರು ನಮ್ಮವರು. ಮಾಡಬಹುದಿತ್ತು. ಆದರೆ ಫೋನ್ ಮಾಡಿದವರು ಯಾರು ಎಂದು ತಿಳಿಯಲು ಅಕ್ಕನಿಗೆ ಎಷ್ಟು ಹೊತ್ತು ಬೇಕು? ಆಮೇಲೆ ಆ ಪಾಗಾರದ ಮೇಲೆ ಕರಿಬೇವು ಬರುತ್ತದೆಯೇ? ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದನ್ನೂ, ದೊಡ್ಡವರ ಮಾತಿಗೆ ಎದುರು ಹೇಳದಿರುವುದನ್ನೂ ಒಟ್ಟಿಗೇ ಕಲಿಸಿದ್ದರು. ಎರಡೂ ನನ್ನ ಕೈ ಬಿಟ್ಟಿಲ್ಲ. "ಮರ ಕಡಿಬೇಡಿ ಅಕ್ಕ" ಎಂಬ ಮಾತು ಗಂಟಲವರೆಗೆ ಬಂದು, "ಮಜ್ಜಿಗೆ ಇತ್ತಾ ಅಕ್ಕ" ಎಂದಾಗಿ ಹೊರಬೀಳುತ್ತಿತ್ತು.

ಉಳಿದದ್ದು ಚಿತ್ರ ಒಂದೇ.

ನಮ್ಮದು ಸಣ್ಣ ಬಳಗ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನಾವು ಕೆಲವರು, ಊರಿನ ಹಕ್ಕಿ ಪ್ರಾಣಿಗಳ ಚಿತ್ರ ಬರೆಯುವವರು. ನಿವೃತ್ತರಾದ ಡ್ರಾಯಿಂಗ್ ಮಾಷ್ಟ್ರು ನಮಗೆಲ್ಲ ಹಿರಿಯರು. ಬೋರ್ಡು ಬರೆಯುವವರು ಒಬ್ಬರು, ಬ್ಯಾಂಕಿನವರು ಒಬ್ಬರು, ನನ್ನಂತೆ ಮನೆಯಲ್ಲಿರುವ ಹೆಂಗಸರು ಮೂರು ನಾಲ್ಕು ಮಂದಿ. ರಜೆಯ ದಿನ ಹೊಳೆಬದಿಗೋ ಗದ್ದೆಬೈಲಿಗೋ ಹೋಗಿ ಕೂತು ಬರೆಯುತ್ತೇವೆ. ವರ್ಷಕ್ಕೊಮ್ಮೆ ಕುಂದಾಪುರದಲ್ಲಿ ಪ್ರದರ್ಶನ. ಫೋಟೋ ನೋಡಿ ಬರೆಯುವಂತಿಲ್ಲ. ಕಂಡದ್ದನ್ನು ಬಿಡುವಂತಿಲ್ಲ, ಕಾಣದ್ದನ್ನು ಸೇರಿಸುವಂತಿಲ್ಲ.

ಇನ್ನೊಂದು ಪದ್ಧತಿ ಇದೆ. ಯಾರ ಜಾಗದಲ್ಲಿ ಜೀವಿಯನ್ನು ಕಂಡು ಬರೆದೆವೋ, ಆ ಚಿತ್ರ ಆ ಜಾಗದವರಿಗೇ ಸೇರಬೇಕು. ಪ್ರದರ್ಶನದ ದಿನ ಅವರನ್ನು ಕರೆದು, ಎಲ್ಲರೆದುರು ಅವರ ಕೈಗೆ ಕೊಡುತ್ತೇವೆ. ಕೊಡುವಾಗ ಏನನ್ನೂ ಕೇಳಬಾರದು. ಮರ ಉಳಿಸಿ, ಕಲ್ಲು ಹೊಡೆಯಬೇಡಿ, ಬಲೆ ಹಾಕಬೇಡಿ, ಒಂದು ಮಾತೂ ಇಲ್ಲ. "ಚಿತ್ರದ ಬೆನ್ನಿಗೆ ಬೇಡಿಕೆ ಕಟ್ಟಿದ್ರೆ ಅದ್ ನೋಟೀಸ್ ಆತ್ತ್" ಎನ್ನುತ್ತಾರೆ ಮಾಷ್ಟ್ರು.

ಇಷ್ಟರಿಂದಲೇ ಕೆಲವು ಕೆಲಸ ಆಗಿದೆ. ತೆಕ್ಕಟ್ಟೆಯ ಕಡೆ ಒಬ್ಬರು ಬಾವಲಿ ತೂಗುವ ಮರಕ್ಕೆ ಪಟಾಕಿ ಹೊಡೆಯುತ್ತಿದ್ದವರು. ಚಿತ್ರ ಚಾವಡಿಗೆ ಬಂದ ಮೇಲೆ ನೆಂಟರಿಗೆಲ್ಲ ಅದನ್ನು ತೋರಿಸಿ, "ಇದ್ ನಮ್ಮ ಮರದ್ದೇ" ಎನ್ನುವುದು ಅಭ್ಯಾಸವಾಯಿತು; ಪಟಾಕಿ ನಿಂತಿತು. ನಾವುಂದದ ಶಾಲೆಯ ಗೋಡೆಗೆ ನಾವು ಕಡಲಾಮೆ ಬರೆದ ಮೇಲೆ, ಮರಳಿನಲ್ಲಿ ಆಮೆ ಮೊಟ್ಟೆಯಿಟ್ಟದ್ದು ಕಂಡರೆ ಅಲ್ಲಿಯ ಮೀನುಗಾರರು ಮಾಷ್ಟ್ರಿಗೆ ಫೋನ್ ಮಾಡುತ್ತಾರೆ. ಪತ್ರಿಕೆಯಲ್ಲಿ ನಮ್ಮ ಪ್ರದರ್ಶನದ ಸುದ್ದಿ ಬರುತ್ತದೆ, ಇದು ಬರುವುದಿಲ್ಲ. ಚಿತ್ರ ಗೋಡೆಗೇರಿಯೂ ಮರ ಉರುಳಿದ್ದುಂಟು. ನನಗೆ ಆ ಬೆಳಿಗ್ಗೆ ಅದೊಂದೇ ನೆನಪಾಗುತ್ತಿತ್ತು.

ನಾನು ತಾರಸಿಯಲ್ಲಿ ಕೂತು ಬರೆದ ಚಿತ್ರದಲ್ಲಿ ಗೂಡಿತ್ತು, ತಾಯಿ ಮರಿ ಇದ್ದವು, ಮರದ ನೆತ್ತಿಯಿತ್ತು, ಕೊಂಬೆಯ ಸಂದಿಯಲ್ಲಿ ಕೆಳಗೆ ಅಕ್ಕನ ಅಂಗಳ ಕಾಣುತ್ತಿತ್ತು. ತುಳಸಿಕಟ್ಟೆ ಇತ್ತು. ಕಟ್ಟೆಯ ಬುಡದಲ್ಲಿ ಒಂದು ಮೀನಿನ ಬೆನ್ನೆಲುಬೂ ಇತ್ತು. ಅಲ್ಲಿ ಅದು ಬಿದ್ದಿತ್ತು, ನಾನು ಬರೆದೆ. ಬರೆಯುವಾಗ ಅದರ ಬಿಳಿ ಚೆನ್ನಾಗಿ ಬಂತೆಂದು ಸಂತೋಷವೂ ಆಗಿತ್ತು. ಚೌಕಟ್ಟು ಹಾಕಿಸಿದ ಮೇಲೆ ಕಣ್ಣು ಮತ್ತೆ ಮತ್ತೆ ಆ ಮುಳ್ಳಿಗೇ ಹೋಗತೊಡಗಿತು. ಅಷ್ಟು ಮಡಿಯ ಮನೆತನದವರ ತುಳಸಿಯ ಬುಡದಲ್ಲಿ ಮೀನಿನ ಮುಳ್ಳು; ಅದನ್ನು ಕುಂದಾಪುರಕ್ಕೆ ಒಯ್ದು ಎಲ್ಲರೆದುರು ಅವರ ಕೈಗೇ ಕೊಡುವುದೆಂದರೆ!

"ಅಳಿಸ್ಲಾ ಮಾಷ್ಟ್ರೇ?" ಎಂದು ಕೇಳಿದ್ದೆ.

ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಇತ್ತಲ್ದಾ ಅಲ್ಲಿ? ಇದ್ದರ್ ಇರ್ಲಿ. ಹೂ ಮಾತ್ರ ಒಂಚೂರ್ ಜಾಸ್ತಿ ಬರ್ದ್ಯಾ ಅಂದೇಳಿ."

"ಇಲ್ಲೆ ಮಾಷ್ಟ್ರೇ, ಅಷ್ಟೇ ಇತ್ತ್."

ಮಾವಿನ ಹೂವಿನ ಬಣ್ಣ ಸುಲಭದ್ದಲ್ಲ. ಹಳದಿ ಅಂದರೆ ಹಳದಿಯಲ್ಲ, ಕೆಂಪು ಅಂದರೆ ಕೆಂಪಲ್ಲ. ಗೂಡಿನ ಹಿಂದಿನ ಜಾಗ ತುಂಬಲು ಅದನ್ನು ಬರೆದು ಬರೆದು ನನ್ನ ಕಣ್ಣು ನೊಂದಿತ್ತು. ಆದರೆ ನನಗೀಗ ಹೂವಿನ ಚಿಂತೆಯಿರಲಿಲ್ಲ. ಮುಳ್ಳಿನದಿತ್ತು.

ಆ ಭಾನುವಾರವೇ ಪ್ರದರ್ಶನ. ನಮ್ಮವರ ಕಾರಿನಲ್ಲೇ ಅಕ್ಕನೂ ಹೊರಟರು. ಮದುವೆಗೆ ಉಡುವ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಚಿತ್ರ ನಮ್ಮಿಬ್ಬರ ನಡುವೆ, ಮೂರನೆಯವರಂತೆ ಕೂತಿತ್ತು. ಅಕ್ಕ ಅದರ ಮೇಲೆ ಕೈಯಿಟ್ಟುಕೊಂಡು, "ನಂಗ್ ಸ್ಟೇಜ್ ಹತ್ತುಕಿತ್ತಾ? ಎಂತ ಹೇಳ್ಕ್?" ಎಂದರು.

"ಎಂತದೂ ಬ್ಯಾಡ ಅಕ್ಕ. ತಕಂಡ್ರ್ ಸಾಕ್."

"ನಮ್ಮನಿ ಚಂದ ಕಾಂಬಾಂಗ್ ಬರ್ದಿಯಲ್ದಾ?"

ನಾನು ಕಿಟಕಿಯ ಹೊರಗೆ ನೋಡಿದೆ. "ಇದ್ದಾಂಗೇ ಬರ್ದಿದೆ" ಎಂದೆ. ಮುಂದೆ ಕೂತ ನಮ್ಮವರು ಸುಮ್ಮನೆ ಕೆಮ್ಮಿದರು.

ಸಭಾಂಗಣದಲ್ಲಿ ಜನ ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದರು. ಅಕ್ಕನನ್ನು ಕರೆದು, ಬಟ್ಟೆ ಸರಿಸಿ ಚಿತ್ರ ಎತ್ತಿ ಹಿಡಿದಾಗ ಚಪ್ಪಾಳೆ ಬಂತು. ನಿಯಮದಂತೆ ನಾನು ನಕ್ಕು ಕೈಮುಗಿದೆ, ಏನೂ ಕೇಳಲಿಲ್ಲ. ಆಮೇಲೆ ಚಿತ್ರವನ್ನು ಮೇಜಿನ ಮೇಲೆ ಒರಗಿಸಿ ಇಟ್ಟಾಗ ನಾಲ್ಕಾರು ಮಂದಿ ಬಾಗಿ ನೋಡತೊಡಗಿದರು. ಒಬ್ಬ ಗಂಡಸು ಬೆರಳು ತೋರಿಸಿ ಗಟ್ಟಿಯಾಗಿ ನಕ್ಕರು.

"ಹ್ವಾಯ್, ಕಾಣಿ ಇಲ್ಲಿ! ತುಳಸಿಕಟ್ಟಿಯಂಗೆ ಬಂಗಡಿ ಮುಳ್ಳ್! ಯಾರ್ ಮನಿ ಮಾರಾಯ್ರೆ ಇದ್?"

ಅಕ್ಕ ಅವರ ಪಕ್ಕದಲ್ಲೇ ನಿಂತಿದ್ದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪು ಮಾಡಿಕೊಂಡೆ. ಅಕ್ಕ ಚೀಲದಿಂದ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿ ಹಾಕಿಕೊಂಡರು. ಕೆಳಗೆ ಮುಳ್ಳನ್ನು ನೋಡಿದರು. ಆಮೇಲೆ ಮೇಲೆ ನೋಡಿದರು, ತುಂಬ ಹೊತ್ತು. ಹದ್ದನ್ನು ನೋಡುತ್ತಿದ್ದಾರೆಂದು, ಅದರ ಮೇಲೆ ಸಿಟ್ಟು ಏರುತ್ತಿದೆಯೆಂದು ನಾನು ಎಣಿಸಿದೆ. ಅವರ ಮುಖದಿಂದ ಏನೂ ತಿಳಿಯಲಿಲ್ಲ. ಅಡುಗೆಯ ರುಚಿ ನೋಡುವಾಗಲೂ ಅವರ ಮುಖ ಹಾಗೇ ಇರುತ್ತದೆ.

"ಹೆಣೆ, ನಂಗ್ ಹೋಯ್ಕ್" ಎಂದರು ಒಮ್ಮೆಗೇ.

"ಊಟ ಇತ್ತ್ ಅಕ್ಕ, ಒಟ್ಟಿಗೇ ಹೋಪ."

"ಬ್ಯಾಡ, ಬಸ್ಸಿತ್ತ್." ಬೆಡ್‌ಶೀಟನ್ನು ತಾವೇ ಸುತ್ತಿ, ಚಿತ್ರವನ್ನು ಕಂಕುಳಲ್ಲಿಟ್ಟು ಇಳಿದು ಹೋದರು. ತಿರುಗಿಯೂ ನೋಡಲಿಲ್ಲ.

ಆಮೇಲಿನ ಹೊತ್ತು ನಾನು ಯಾರ ಬಳಿ ಏನು ಮಾತಾಡಿದೆನೋ ಗೊತ್ತಿಲ್ಲ. ಬ್ರಹ್ಮಾವರದ ಶಾಲೆಯ ಮಕ್ಕಳು ಮಿಂಚುಳ್ಳಿಯ ಕೊಕ್ಕು ಬರೆಯುವುದು ಹೇಗೆಂದು ಕೇಳಿದರು, ಹೇಳಿಕೊಟ್ಟೆನಂತೆ. ಊಟಕ್ಕೆ ಕೂತಾಗ ಮಾಷ್ಟ್ರು ಹತ್ತಿರ ಬಂದು, "ಎಂತ, ಮುಖ ಹಾಂಗ್ ಮಾಡ್ಕಂಡಿದ್ದೆ?" ಎಂದರು.

"ಮುಳ್ಳ್ ಅಳಿಸ್ಕಿತ್ತ್ ಮಾಷ್ಟ್ರೇ."

ಅವರು ಪಾಯಸದ ಕೊನೆಯ ಗುಟುಕು ಕುಡಿದರು. "ಅಳಿಸಿದ್ರೆ ನಾಳೆ ಅವ್ರ್ ಅಂಗಳದಂಗ್ ಬೀಳ್ದೇ ಇರತ್ತಾ?" ಎಂದು ಹೇಳಿ ಮುಂದೆ ಹೋದರು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಮರ ಉಳಿಸಲೆಂದು ಬರೆದ ಚಿತ್ರವೇ ಮರಕ್ಕೆ ಕೊಡಲಿ ಹಾಕುತ್ತದೆ ಎಂದು ನನಗೆ ಖಚಿತವಾಗಿತ್ತು. ನಾಳೆ ಬೆಳಿಗ್ಗೆ ಹಾಲು ಇಟ್ಟು ತಾರಸಿಗೆ ಹೋಗುವುದೋ ಬೇಡವೋ ಎಂಬಲ್ಲಿಯವರೆಗೆ ಯೋಚಿಸಿದ್ದೆ.

ಮನೆಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಕಾರಿನಿಂದ ಇಳಿದವಳು ಒಳಗೆ ಹೋಗದೆ, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಹಿತ್ತಲಿಗೆ ನಡೆದೆ. ಮೇಲೆ ಮರಿ ಕಿರುಚುತ್ತಿತ್ತು. ಬುಡದಲ್ಲಿ ಕಣ್ಣಾಡಿಸಿದೆ. ಹಗ್ಗ ಇರಲಿಲ್ಲ. ಒಂದು ದಿನ ಮೊದಲೇ ಬಂದು ಮೇಲೆ ಕಟ್ಟಿಬಿಟ್ಟರೋ ಎಂದು ಕೊಂಬೆ ಕೊಂಬೆ ನೋಡಿದೆ. ಅಲ್ಲಿಯೂ ಇರಲಿಲ್ಲ.

"ಹ್ವಾಯ್, ಹೆಣೆ!"

ಅಕ್ಕ ಪಾಗಾರದ ಆಚೆ, ಮನೆಯಲ್ಲಿ ಉಡುವ ಹಳೆ ಸೀರೆಯಲ್ಲಿ, ಕೈಯಲ್ಲಿ ಹಿಡಿಸೂಡಿ ಹಿಡಿದು ನಿಂತಿದ್ದರು.

"ಅಕ್ಕ, ಊಟ ಮಾಡ್ದೇ ಬಂದ್ರಿ. ಬೇಜಾರಾಯ್ತಾ?" ಎಂದೆ.

"ಎಂತ ಬೇಜಾರ್? ಮರದವನ ಮನಿಗ್ ಹೋಯ್ಕಿತ್ತ್. ಅವ ಫೋನ್ ತೆಗಿತಿಲ್ಲೆ. ಹಗ್ಗ ತಕಂಡ್ ಹೋಗ್ ಅಂದೆ." ಹಿಡಿಸೂಡಿಯಿಂದ ಮರದ ನೆತ್ತಿ ತೋರಿಸಿದರು. "ಮೇಲ್ ಅಷ್ಟ್ ಹೂ ಬಿಟ್ಟಿತ್ತ್ ಅಂದೇಳಿ ನಂಗ್ ಹ್ಯಾಂಗ್ ಗೊತ್ತಾಯ್ಕ್? ಕೆಳಗಿಂದ ಬರೀ ಸೊಪ್ಪ್ ಕಾಂತತ್. ನೀ ಬರ್ದದ್ ಕಂಡ್ ಗೊತ್ತಾಯ್ತ್. ನಮ್ಮವ್ರ್ ಅಡಿಗಿಗೆ ಎರಡ್ ವರ್ಷದಿಂದ ಹೊರಗಿನ್ ಉಪ್ಪಿನ್ಕಾಯಿ ತರುದ್, ನಂಗ್ ನಾಚ್ಕಿ ಆತ್ತ್. ಮಿಡಿ ಕೊಯ್ದ್ ಆಯ್ಲಿ, ಮತ್ತೆ ಕಾಂಬ ಅಂದೆ."

ಮಿಡಿ ಆಗುವವರೆಗೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೂ ಉದುರಬೇಕು, ಮಿಡಿ ಕಚ್ಚಬೇಕು, ಬಲಿಯಬೇಕು. ಅಷ್ಟರೊಳಗೆ ಮರಿ ಹಾರಬಹುದು. ಹಾರದಿದ್ದರೆ? ಕೈಯಲ್ಲಿದ್ದ ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡೆ. ಅದರಲ್ಲಿ ಇನ್ನೂ ಬಿಸಿಲಿನ ಬಿಸಿಯಿತ್ತು.

"ಚಿತ್ರ?" ಎಂದು ಕೇಳಿದೆ.

"ಚಾವಡಿಯಂಗ್ ಹಾಕಿದೆ. ಮುಳ್ಳ್ ಬರ್ದಲ್ಲಿಗ್ ಒಂದ್ ಅಬ್ಬಲಿಗಿ ದಂಡೆ ಇಳಿಬಿಟ್ಟಿದೆ, ಕಾಂತಿಲ್ಲೆ."

ಅವರು ತುಳಸಿಕಟ್ಟೆಯ ಸುತ್ತ ಗುಡಿಸುತ್ತ ಹೋದರು. ಒಂದು ಚಿಪ್ಪನ್ನು ಹಿಡಿಸೂಡಿಯ ತುದಿಯಿಂದ ಮೂಲೆಗೆ ತಳ್ಳಿದರು. ಬಾಗಿಲ ಬಳಿ ಹೋದವರು ಏನೋ ನೆನಪಾದಂತೆ ನಿಂತು, ಅಲ್ಲಿಂದಲೇ ಹೇಳಿದರು:

"ಅಲ್ದೇ ಹೆಣೆ, ಮಿಡಿ ಕೊಯ್ಯುಕ್ ಮರ ಹತ್ತಿದವ್ರಿಗ್ ನಿನ್ ಹದ್ದ್ ಕುಟ್ಟುದಿಲ್ಲೆ ಅಲ್ದಾ?"