ಎರಡೇ ಸೀಟಿನ ಗಾಡಿ

ನಮ್ಮ ಮನೆಯಲ್ಲಿ ಹುಮನಾಬಾದ ಅಂದರೆ ಊರಲ್ಲ, ಹೆಂಗಸು. ನನ್ನ ಮೈದುನನ ಹೆಂಡತಿ. ತಮ್ಮನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮವರಲ್ಲಿಲ್ಲ. ಹಾಗಾಗಿ ಆಕೆ ಸಂಸಾರ ಹೂಡಿದ ಊರೇ ಆಕೆಯ ಹೆಸರಾಗಿ ನಿಂತುಬಿಟ್ಟಿತು. "ಹುಮನಾಬಾದ ಏನಂತದ?" "ಹುಮನಾಬಾದಕ್ಕ ಆರಾಮಿಲ್ಲಂತ." ಮನೆಗೆ ಬಂದ ಹೊಸಬರು ಇದನ್ನು ಕೇಳಿ ನಗುತ್ತಾರೆ. ನಾನೂ ಮೊದಮೊದಲು ನಕ್ಕವಳೇ. ಪಿಕಪ್ ಗಾಡಿ ಕೊಳ್ಳುವ ಮಾತು ಶುರುವಾದ ಮೇಲೆ ನಗು ನಿಂತಿತು.

ನಮ್ಮದು ಬಸವಕಲ್ಯಾಣದಲ್ಲಿ, ಜನರ ಬಾಯಲ್ಲಿ ಬರೀ ಕಲ್ಯಾಣದಲ್ಲಿ, ಶಾಮಿಯಾನ ಮತ್ತು ಪಾತ್ರೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಮದುವೆ, ಸೀಮಂತ, ಗೃಹಪ್ರವೇಶ, ಯಾವುದಿದ್ದರೂ ಸಾಮಾನು ಬೇರೆಯವರ ಟೆಂಪೋದಲ್ಲೇ ಹೋಗುತ್ತಿತ್ತು. ಕಳೆದ ವರ್ಷ ರಾಜೇಶ್ವರದ ಒಂದು ಮದುವೆಗೆ ಟೆಂಪೋ ದಾರಿಯಲ್ಲೇ ಕೈಕೊಟ್ಟಿತು. ಅಕ್ಕಿ ತೊಳೆದಿಟ್ಟುಕೊಂಡ ಅಡುಗೆಯವರು ಪಾತ್ರೆಗಾಗಿ ರಸ್ತೆ ನೋಡುತ್ತ ಕೂತರಂತೆ. ಅವತ್ತು ಮನೆಗೆ ಬಂದ ಯಜಮಾನರು ಚಪ್ಪಲಿಯನ್ನೂ ಬಿಡದೆ ಹೇಳಿದರು: "ನಮ್ದ ಒಂದು ಸಣ್ಣ ಗಾಡಿ ಬೇಕು. ಹಳೀದಾದ್ರೂ ಚಿಂತಿಲ್ಲ, ಐನ್ ವ್ಯಾಳ್ಯಾಕ ದಗಾ ಕೊಡಬಾರ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಅವರ ಕಿವಿಗೆ ಹೋಗಿತ್ತು. "ಹುಮನಾಬಾದಕ್ಕ ಒಂದ್ ಮಾತ ಕೇಳ್ತೀನಿ ತಡಿ."

ಕೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಒಪ್ಪುತ್ತೇನೆ. ಮೈದುನನ ಮನೆಯವರದು ಹಾಲು ಮೊಸರಿನ ವ್ಯಾಪಾರ. ಸಣ್ಣ ಪಿಕಪ್ ಇಟ್ಟುಕೊಂಡಿದ್ದಾರೆ, ಅದನ್ನು ಆಕೆಯೇ ಓಡಿಸುತ್ತಾಳೆ. ಕಾಲುಂಗುರದ ಮೇಲೆಯೇ ಗಂಡನ ಹಳೇ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಗೆ ಮೊಣಕೈ ಊರಿ ಹೊರಟಳೆಂದರೆ ಬಸ್ ಸ್ಟ್ಯಾಂಡಿನ ಆಟೋದವರು ತಾವಾಗಿ ಸರಿದು ದಾರಿ ಬಿಡುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ನೋಡಿ, ಎಷ್ಟು ಚಂದ ಕಾಣುತ್ತಾಳಲ್ಲ ಎಂದು ಅನ್ನಿಸಿತ್ತು. ಮನೆಗೆ ಬಂದು ನನ್ನ ಸೆರಗನ್ನೂ ಹಾಗೇ ಸಿಕ್ಕಿಸಿ ನೋಡಿ, ತೆಗೆದುಬಿಟ್ಟಿದ್ದೆ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಅವರದು ಮುಗಿದ ಮೇಲೆ ಕೈ ಎತ್ತಿ ಹೇಳಬೇಕು ಎಂದು ಸಿಸ್ಟರುಗಳು ಕಲಿಸಿದ್ದರು. ಈ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರುವಾಗಿರುತ್ತದೆ. ಮದುವೆಯಾದಾಗಿನಿಂದ ನಾನು ನನ್ನ ಸರದಿಗಾಗಿ ಕಾಯುತ್ತಲೇ ಇದ್ದೇನೆ. ಹುಮನಾಬಾದಕ್ಕೆ ಕಾಯುವ ಕಷ್ಟವಿಲ್ಲ. ಆಕೆಯ ಮಾತು ಎಲ್ಲರ ಮಾತಿನ ಮೇಲೆಯೇ ಹತ್ತಿ ಕೂರುತ್ತದೆ.

ಒಂದು ವಾರ ಊಟದ ಹೊತ್ತಿಗೆಲ್ಲ ಫೋನು ಬರುತ್ತಿತ್ತು, ಅವರು ಸ್ಪೀಕರಿನಲ್ಲಿ ಹಾಕಿ ಮಾತಾಡುತ್ತಿದ್ದರು. ಕ್ಲಚ್ಚು, ಟೈರು, ಸ್ಪ್ರಿಂಗ್ ಪಾಟಾ. ಆಕೆ ಏನೋ ಹೇಳುವುದು, ಇವರು ತುತ್ತು ಕೈಯಲ್ಲೇ ಹಿಡಿದು ನಗುವುದು. ನಾನು ಮಾಡಿದ ಪುಂಡಿಪಲ್ಯಕ್ಕೆ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಹೇಳಲೂ ಅವರಿಗೆ ಪುರುಸೊತ್ತಿರಲಿಲ್ಲ. ಆಕೆಯ ಮೇಲೆ ನನಗೆ ಬೇರೆ ಅನುಮಾನವೇನೂ ಇರಲಿಲ್ಲ, ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ನನಗೆ ಬೇಕಾಗಿದ್ದುದು ಆ ಒಂದು ಪ್ರಶ್ನೆ. "ನಿನಗೇನ್ ಅನಸ್ತದ?" ಅದನ್ನು ಅವರು ನನ್ನ ಕಡೆ ತಿರುಗಿ ಕೇಳಬೇಕಿತ್ತು.

ಕೊನೆಗೆ ಎರಡು ಗಾಡಿ ಆಯ್ಕೆಗೆ ಬಂದವು. ಎರಡೂ ಹುಮನಾಬಾದ ಊರಿನ ಒಬ್ಬ ದಲಾಲಿಯ ಹತ್ತಿರವೇ ಇದ್ದವು. ಒಂದು ಬಿಳಿ, ಒಂದು ನೀಲಿ. ಎರಡರಲ್ಲೂ ಮುಂದೆ ಎರಡೇ ಸೀಟು. ಡ್ರೈವರಿನದೊಂದು, ಪಕ್ಕದ್ದೊಂದು.

"ನಾನೂ ಬರ್ತೀನಿ" ಅಂದೆ.

"ಬಿಸಲಾಗ ನೀ ಏನ್ ಮಾಡ್ತಿ? ಹುಮನಾಬಾದ ಬರ್ತದಲ್ಲ, ಸಾಕು."

ಆ 'ಸಾಕು' ಎಂಬ ಮಾತಿಗೆ ನಾನು ಹಿತ್ತಲಿಗೆ ಹೋದೆ. ಅಲ್ಲಿ ನಮ್ಮ ಎರಡು ದೊಡ್ಡ ಡೇಗುಗಳು ಬೋರಲಾಗಿದ್ದವು. ಒಂದು ಅನ್ನಕ್ಕೆ, ಒಂದು ಸಾರಿಗೆ, ಯಾವ ಮದುವೆಗೂ ಎರಡೂ ಜೋಡಿಯಾಗಿಯೇ ಹೋಗಬೇಕು. ಅವು ತಿರುಗಿ ಬಂದಾಗ ತಿಕ್ಕಿಸಿ, ಒರೆಸಿ, ತಗ್ಗು ಬಿದ್ದಿದೆಯೇ ಎಂದು ಕೈಯಾಡಿಸಿ ನೋಡುವವಳು ನಾನು. ಪ್ರತಿ ಸಲ ಕಿವಿಗಳೇ ಮುರಿಯುತ್ತಿದ್ದವು. ಡೇಗಿನ ಕಿವಿ ಅಂದರೆ ಎತ್ತಲು ಹಿಡಿಯುವ ಬಳೆಗಳು. ಟೆಂಪೋದಲ್ಲಿ ಜಾಗ ಸಾಲದೆ ಎರಡನೆಯದನ್ನು ಓರೆಯಾಗಿ ತುರುಕುತ್ತಿದ್ದರು, ಅದು ದಾರಿಯುದ್ದಕ್ಕೂ ಮೊದಲನೆಯದಕ್ಕೆ ಗುದ್ದುತ್ತಿತ್ತು. ಡೇಗಿನ ಅಗಲಕ್ಕೆ, ಈ ಕಿವಿಯಿಂದ ಆ ಕಿವಿಯವರೆಗೆ ನನ್ನ ಸೆರಗು ಹಿಡಿದು ಒಂದು ಗಂಟು ಹಾಕಿದೆ. ಅದೇ ಸೀರೆಯಲ್ಲಿ ಹೋಗಿ ಬೈಕಿನ ಹಿಂದೆ ಕೂತೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ ಬೈಕು ಚಾಲೂ ಮಾಡಿದರು.

ಮೈದುನ ಮತ್ತು ನೆಗೆಣ್ಣಿ ಮೊದಲೇ ಬಂದು ನಿಂತಿದ್ದರು. ಆಕೆ ಬಿಳಿ ಗಾಡಿ ಹತ್ತಿ, ಒಂದು ಸುತ್ತು ಹೊಡೆದು, ಧೂಳೆಬ್ಬಿಸಿ ತಂದು ನಿಲ್ಲಿಸಿದಳು.

"ಭಾವಾರ, ಇಂಜಿನ್ ಬೆಣ್ಣಿ ಅದರಿ, ಬೆಣ್ಣಿ!"

"ಮತ್ತ ನೀಲೀದು?"

"ಅದರದೂ ತಪ್ಪಿಲ್ಲರಿ, ಒಂದ ಸೆಲ್ಫ್ ಸ್ಟಾರ್ಟಿಗೆ ಏಳ್ತದ. ಖರೆ ಗೊರಕಿ ಭಾಳ ಹೊಡಿತದ."

"ಗೊರಕಿ ಹೊಡ್ಯಾವ್ರ ಜೋಡಿ ನಮ್ಮ ವೈನಿ ಇಷ್ಟ ವರ್ಷ ಬಾಳೇವ ಮಾಡಿಲ್ಲೇನು?" ಎಂದ ಮೈದುನ, ನನ್ನ ಕಡೆ ನೋಡಿ. ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. "ಹುಮನಾಬಾದ ಬಿಳೀದು ಅಂತದ ಅಂದ್ರ ಬಿಳೀದೇ" ಎಂದು ದಲಾಲಿಯ ಕಡೆ ತಿರುಗಿಯೂಬಿಟ್ಟರು.

ನಾನು ಕಾಯಲಿಲ್ಲ. ನಾಲ್ಕೂ ಜನ ಒಟ್ಟಿಗೆ ಮಾತಾಡುತ್ತಿರುವಾಗಲೇ ಬಿಳಿ ಗಾಡಿಯ ಹಿಂದೆ ಹೋಗಿ, ಸಾಮಾನು ತುಂಬುವ ಡಾಲಾದ ಅಂಚಿಗೆ ಸೆರಗು ಹಚ್ಚಿದೆ. ಗಂಟಿನವರೆಗೆ ಒಂದು ಅಳತೆ. ಎರಡನೆಯದು ಅರ್ಧದಲ್ಲೇ ಮುಗಿಯಿತು.

"ಅಮ್ಮಾರ, ಸೀರಿ ಹೊಲಸಾಗ್ತದರಿ" ಅಂದ ದಲಾಲಿ.

"ಏನ್ ಮಾಡಾಕತ್ತಿ?" ಯಜಮಾನರ ದನಿಯಲ್ಲಿ ನಾಚಿಕೆಯಿತ್ತು.

ನೀಲಿಗೂ ಹಚ್ಚಿದೆ. ಎರಡು ಅಳತೆ ತುಂಬಿ, ಒಂದು ಗೇಣು ಮಿಕ್ಕಿತು. "ಬಿಳೀದರಾಗ ಎರಡು ಡೇಗು ನೆಟ್ಟಗ ಕೂಡಂಗಿಲ್ಲ" ಅಂದೆ. "ಒಂದನ್ನ ಓರಿ ಮಾಡಬೇಕಾಗ್ತದ. ಮತ್ತ ಕಿವಿ ಮುರಿತಾವ. ಇಂಜಿನ್ ಬೆಣ್ಣಿ ಇದ್ರ ಆತೇನು? ನಾವು ಒಯ್ಯೋದು ಇಂಜಿನ್ ಅಲ್ಲ."

ಕೊನೆಯ ಮಾತು ನನಗೇ ಒರಟಾಗಿ ಕೇಳಿಸಿತು. ಅದನ್ನು ಗಾಡಿಗಲ್ಲ, ಆಕೆಗೆ ಹೇಳಿದ್ದೆ. ಎಲ್ಲರಿಗೂ ಗೊತ್ತಾಗಿರಬೇಕು.

ಯಜಮಾನರು ಅಭ್ಯಾಸಬಲದಿಂದ ಆಕೆಯ ಕಡೆಗೇ ನೋಡಿದರು. "ಹುಮನಾಬಾದ ಏನಂತದ?"

ಆಕೆ ಬೂಟಿನ ತುದಿಯಿಂದ ನೆಲ ಕೆದರಿದಳು. "ನಾ ಏನ್ ಅನ್ನಲಿರಿ? ಕಲ್ಯಾಣ ಹೇಳಿದ ಮ್ಯಾಲ ಮುಗೀತು." ಆಮೇಲೆ ಗಂಡನ ಕಡೆ ಕಣ್ಣು ಹಾಯಿಸಿ, "ನಮ್ಮ ಮನಿಯಾಗ ಮೂರೂ ಹೊತ್ತು ಇದೇ ಭಜನಿ. ಕಲ್ಯಾಣ ನೋಡು ಎಷ್ಟ ಸಾವಕಾಶ ಮಾತಾಡ್ತದ, ಕಲ್ಯಾಣ ನೋಡು ಹ್ಯಾಂಗ ಇಂಗ್ಲೀಷ್ ಪೇಪರ್ ಓದ್ತದ, ನಿಂದ್ ಬರೇ ಗದ್ಲ. ಕೇಳಿ ಕೇಳಿ ಸಾಕಾಗ್ಯದ ನನಗ" ಎಂದಳು. ತುಟಿ ನಗುತ್ತಿತ್ತು. ಕಣ್ಣು ನಗುತ್ತಿರಲಿಲ್ಲ.

ಅಂದರೆ ಹುಮನಾಬಾದದ ಆ ಮನೆಯಲ್ಲಿ ನಾನೂ ಒಂದು ಊರು. ಆ ಹೆಸರು ಕೇಳಿ ಆಕೆಯೂ ತುತ್ತು ನುಂಗಲಾರದೆ ಕೂತಿರುತ್ತಾಳೆ. ಇಂಥಾ ಹೊತ್ತಿನಲ್ಲಿ ಮರುಕ ಬರಬೇಕಂತೆ. ನನಗೆ ಬಂದದ್ದು ಸಂತೋಷ. ಹೂರಣ ರುಬ್ಬುವಾಗ ಕದ್ದು ಬಾಯಿಗೆ ಹಾಕಿಕೊಂಡಂಥ ಸಂತೋಷ.

ಮೆಕ್ಯಾನಿಕನಿಗೂ ತೋರಿಸಿ, ನೀಲಿ ಗಾಡಿಯನ್ನೇ ಗಟ್ಟಿ ಮಾಡಿದರು. ಒಯ್ಯುವ ದಿನ ಬೈಕು ಬಿಟ್ಟು ಬಸ್ಸಿನಲ್ಲಿ ಹೋದೆವು. ಗಾಲಿಗೆ ನಿಂಬೆಹಣ್ಣು ಇಟ್ಟು, ನಾನೂ ನೆಗೆಣ್ಣಿಯೂ ಸೇರಿಯೇ ಆರತಿ ಎತ್ತಿದೆವು. ಆರತಿ ತಟ್ಟೆಯ ಮೇಲೆ ಆಕೆಯ ಬೆರಳು ನನ್ನ ಬೆರಳಿಗೆ ತಾಗಿದಾಗ ಇಬ್ಬರೂ ಸ್ವಲ್ಪ ಸರಿಸಿಕೊಂಡೆವು.

ಯಜಮಾನರು ಸ್ಟೇರಿಂಗಿಗೆ ಕೈ ಹಚ್ಚಿ ಅಂದರು: "ಹುಮನಾಬಾದ ರಾಜೇಶ್ವರ ತನಕ ಬರ್ಲಿ, ಇಂಜಿನ್ ಸಪ್ಪಳ ಕೇಳ್ಲಿ. ಅಲ್ಲಿಂದ ನಮ್ಮ ತಮ್ಮ ಬೈಕ್ ಮ್ಯಾಲ ತಿರುಗಿ ಕರಕೊಂಡ ಬರ್ತಾನ. ನೀ ಬಸ್ಸಿಗೆ..."

ಮಾತು ಪೂರ್ತಿಯಾಗಲಿಲ್ಲ. ನಾನು ಆಗಲೇ ಪಕ್ಕದ ಸೀಟಿನಲ್ಲಿದ್ದೆ. ಚೀಲ ತೊಡೆಯ ಮೇಲೆ, ಬಾಗಿಲು ಹಾಕಿ, ಕಿಟಕಿಗೆ ಕೈ ಇಟ್ಟು.

ಆಕೆ ಕಿಟಕಿಯ ಹತ್ತಿರ ಬಂದಳು. "ಅಕ್ಕಾ, ಮೂರನೇ ಗೇರದಾಗ ಸಪ್ಪಳ ಬಂದ್ರ ಫೋನ್ ಮಾಡ್ರಿ."

"ಹೂಂ, ಮಾಡ್ತೀನಿ" ಅಂದೆ, ಸಾವಕಾಶವಾಗಿ, ಕಲ್ಯಾಣ ಹೇಗೆ ಮಾತಾಡುತ್ತದೋ ಹಾಗೆ.

ರಾಜೇಶ್ವರ ದಾಟಿದ ಮೇಲೆ ಯಜಮಾನರು ಕಿವಿ ನಿಮಿರಿಸಿದರು. "ಏನೋ ಕಿಣಿಕಿಣಿ ಅನ್ನಾಕತ್ತದಲ್ಲ? ಹುಮನಾಬಾದಕ್ಕ ಫೋನ್ ಹಚ್ಚು."

ನಾನೂ ಕೇಳಿದೆ. ಗಾಜು ಇಳಿಸುವ ಹಿಡಿಕೆಗೆ ತಾಗಿ ನನ್ನ ಬಳೆಗಳು ಸದ್ದು ಮಾಡುತ್ತಿದ್ದವು. ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ತಂದುಕೊಂಡೆ.

"ಬಂದ್ ಆತು ನೋಡು" ಅಂದರು.

"ಹೌದ್ರಿ, ಬಂದ್ ಆತು" ಅಂದೆ. "ಯಾಕ ಸುಮ್ನ ಅವರಿಗೆ ತ್ರಾಸ?"