ಉಸಿರು ಕಲಿಸಿದ ಒರ್ನೆಲ್ಲಮ್ಮನವರು

ಪಾಶ್ಚಾತ್ಯ ಒಪೆರಾ ಗಾಯನವನ್ನೂ ಹಿಂದೂಸ್ತಾನಿ ಖಯಾಲನ್ನೂ ಒಂದೇ ಕಂಠದಲ್ಲಿ ಕೂಡಿಸಿ, ಮೊದಲು ಎರಡೂ ಕಡೆಯ ಪಂಡಿತರಿಂದ ಬೈಸಿಕೊಂಡು, ಕೊನೆಗೆ ಇಬ್ಬರಿಂದಲೂ ತಲೆದೂಗಿಸಿಕೊಂಡ ಗಾಯಕಿ ಶ್ರೀಮತಿ ಒರ್ನೆಲ್ಲಾ ಸೂರ್ಯನಾರಾಯಣ ಅವರು. ನಾರಾಯಣಗೂಡದ ನಮ್ಮ ಸಂಗೀತ ಶಾಲೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಅಭಿನಂದನ ಸಂಚಿಕೆಯ ಸಂಪಾದಕರ ಅಪ್ಪಣೆಯಾಗಿದೆ. ಬರೆಯುತ್ತೇನೆ. ಆದರೆ ಹದಿನೈದು ವರ್ಷ ಅವರ ಶಿಷ್ಯನಾಗಿದ್ದೂ ವೇದಿಕೆಯ ಮೇಲೆ ಒಂದೇ ಒಂದು ವಚನ ಹಾಡುವ ಭಾಗ್ಯ ಕಾಣದವನ ಮಾತುಗಳಿವು ಎಂಬುದನ್ನು ಓದುಗರು ಮರೆಯಬಾರದು.

ಇಟಲಿಯ ಪಾರ್ಮಾದಲ್ಲಿ ಹುಟ್ಟಿ ಬೆಳೆದ ಅವರು, ತರಬೇತಿಗೆಂದು ಅಲ್ಲಿಗೆ ಹೋಗಿದ್ದ ಎಂಜಿನಿಯರ್ ಸೂರ್ಯನಾರಾಯಣರನ್ನು ಮದುವೆಯಾಗಿ 1976ರಲ್ಲಿ ನಮ್ಮ ಊರಿನ ಬಾಲಾನಗರಕ್ಕೆ ಬಂದರು. ಕಲಬುರ್ಗಿ ಕಡೆಯ ಪಂಡಿತ ಗುರುಸಿದ್ದಪ್ಪನವರಲ್ಲಿ ಹನ್ನೆರಡು ವರ್ಷ ಕಲಿತು, ಗುರುಗಳ ರಾಗಗಳ ಜೊತೆಗೆ ಅವರ ಕನ್ನಡವನ್ನೂ ಅವರ ಸಿಟ್ಟನ್ನೂ ಸಂಪೂರ್ಣವಾಗಿ ವಶಪಡಿಸಿಕೊಂಡರು.

1992ರಲ್ಲಿ, ಬ್ಯಾಂಕ್ ಗುಮಾಸ್ತನಾದ ನಾನು ಹಾಡಿನ ಹುಚ್ಚು ಹಿಡಿಸಿಕೊಂಡು ಅವರ ತರಗತಿಗೆ ಸೇರಿದೆ. ಚಾಪೆಯ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಟೆಲಿಫೋನ್ ಡೈರೆಕ್ಟರಿ ಇಟ್ಟು, ಉಸಿರಾಡಿ ಎಂದರು. ಮರುವರ್ಷವೂ ಅದೇ. ಊರಿನಲ್ಲಿ ಫೋನುಗಳು ಹೆಚ್ಚಿ ಡೈರೆಕ್ಟರಿ ಎರಡು ಸಂಪುಟವಾಯಿತು. ನನ್ನ ಹೊಟ್ಟೆಯ ಮೇಲೂ ಎರಡಾಯಿತು.

1999ರಲ್ಲಿ ಶಾಲೆ ಮುಚ್ಚುವ ಸ್ಥಿತಿಗೆ ಬಂದಾಗ, ಕಾರ್ಯದರ್ಶಿಯಾಗಿದ್ದ ನಾನು ಅಮೀರ್‌ಪೇಟ್‌ನ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳನ್ನೆಲ್ಲ ಸುತ್ತಿ, ಅಮೆರಿಕಕ್ಕೆ ಹೊರಟು ನಿಂತ, ದನಿ ತಿದ್ದಿಕೊಳ್ಳಬೇಕೆಂಬ ನಲವತ್ತು ಮಂದಿಯನ್ನು ಕರೆತಂದೆ. ಅವರನ್ನೂ ಮಲಗಿಸಿದರು! ಮೂರು ತಿಂಗಳಲ್ಲಿ ಕಂಪ್ಯೂಟರ್ ಕಲಿತು ಮುಗಿಸುವ ಆ ಮಕ್ಕಳಲ್ಲೊಬ್ಬ, ಬೀದರಿನ ವೈಭವ, "ಮೇಡಂ, ಈ ಉಸುರಿನ ಕೋರ್ಸ್ ಎಷ್ಟ್ ತಿಂಗಳದ್ರಿ?" ಎಂದು ಕೇಳಿದ.

"ನೀವು ಎಷ್ಟ್ ವರ್ಷ ಬದುಕಬೇಕಂತ ಮಾಡೀರಿ? ಅಷ್ಟು," ಎಂದರು ಒರ್ನೆಲ್ಲಮ್ಮ.

ತಿಂಗಳ ಕೊನೆಗೆ ಮೂವರು ಉಳಿದರು. ಶಾಲೆಯನ್ನು ಉಳಿಸಲು ನಾನು ಮತ್ತೆ ಮನೆಮನೆ ಅಲೆದೆ.

2001ರ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಬೀದರಿನಿಂದ ಬೀಗರೂ ಬಂದಿದ್ದರು. ಒರ್ನೆಲ್ಲಮ್ಮ ನನ್ನನ್ನು ಪರದೆಯ ಹಿಂದೆ ನಿಲ್ಲಿಸಿ, "ಅಮೃತಪ್ಪನವರ, ಉಸುರು ಇನ್ನಾ ಕುಂತಿಲ್ರಿ. ಮುಂದಿನ ವರ್ಷ ನೋಡೋಣು," ಎಂದುಬಿಟ್ಟರು. ಆ ಸಂಜೆ ನಾನು ಬೀಗರಿಗೆ ಚಹಾ ಹಂಚಿದೆ. ನನ್ನ ಹೆಂಡತಿ ರೇಣುಕಾ ಆರು ತಿಂಗಳು ಒರ್ನೆಲ್ಲಮ್ಮನವರೊಡನೆ ಮಾತು ಬಿಟ್ಟಳು.

ಆ ಮುನಿಸು ಕಳೆದು ನಂಟು ಎಷ್ಟು ಗಟ್ಟಿಯಾಯಿತೆಂಬುದನ್ನೂ ಹೇಳಬೇಕು. 2004ರಲ್ಲಿ ನ್ಯುಮೋನಿಯಾ ಆಗಿ ನಾನು ಆಸ್ಪತ್ರೆ ಸೇರಿದಾಗ, ಅವರು ದಿನಾ ಎರಡು ಬಸ್ಸು ಬದಲಿಸಿ ಬಂದು, ಒಂದು ಸಮಾಧಾನದ ಮಾತೂ ಆಡದೆ, ಮಂಚದ ಪಕ್ಕ ಕೂತು ನನ್ನ ಉಸಿರು ಎಣಿಸಿದರು. ಹದಿನೇಳು ದಿನ! ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿ ಪಾರ್ಮಾದಿಂದ ಬಂದಿದ್ದ ಸಂಗೀತ ಕಛೇರಿಯ ಆಹ್ವಾನವನ್ನು ಅದಕ್ಕಾಗಿ ಕೈಬಿಟ್ಟಿದ್ದರೆಂದು ಅವರ ಯಜಮಾನರಿಂದ ತಿಳಿದು ನನಗೆ ರೇಗಿತು. ಯಾಕೆ ಹೀಗೆ ಮಾಡಿದಿರಿ ಎಂದು ಜಗಳಕ್ಕೇ ನಿಂತೆ.

"ನನ್ನ ಹಾಡು ಎಲ್ಲಿ ಓಡಿ ಹೋಗತೈತಿ? ನಿಮ್ಮ ಉಸುರು ಹೋದ್ರ ನನ್ನ ಹನ್ನೆರಡು ವರ್ಷದ ಕೆಲಸ ಹಾಳಾಗತೈತ್ರಿ," ಎಂದರು.

ನನಗೆ ಅಳು ಬಂತು. ಉಸಿರು ಕೆಡುತ್ತದೆಂದು ಅದಕ್ಕೂ ಬೈದರು.

ಈ ಅಭಿನಂದನ ಸಮಾರಂಭದಲ್ಲಿ ನಾನೇ ವಚನ ಹಾಡಬೇಕೆಂದು ಸಮಿತಿ ನಿರ್ಧರಿಸಿತು. ಕಳೆದ ವಾರ ಅವರ ಮುಂದೆ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಎರಡು ಸಾಲು ಕೇಳಿ, ಕೈ ಎತ್ತಿ ನಿಲ್ಲಿಸಿದರು. "ಉಸುರು ಕುಂತೈತ್ರಿ. ಭಾಳ ಛಲೋ ಆತು," ಎಂದರು. ಹದಿನೈದು ವರ್ಷಗಳಲ್ಲಿ ಮೊದಲ ಮೆಚ್ಚುಗೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ, "ಸಮಾರಂಭದಾಗ ಬ್ಯಾಡ. ಸೋಮವಾರದಿಂದ ಬಾಲಾನಗರಕ್ಕ ನಮ್ಮ ಮನೀಗೆ ಬರ್ರಿ. ಇನ್ನ ಹಾಡು ಶುರು ಮಾಡೋಣು," ಎಂದರು.

ನಿವೃತ್ತಿಯೆಂದರೇನೆಂದು ಅವರಿಗೆ ತಿಳಿಸಿ ಹೇಳುವವರು ಯಾರೂ ಇಲ್ಲ. ಉಸಿರಿಗೇ ಹದಿನೈದು ವರ್ಷ ಹಿಡಿಯಿತು. ಹಾಡಿಗೆ ಎಷ್ಟು ಹಿಡಿಯುವುದೋ ಕೇಳುವ ಧೈರ್ಯ ನನಗಾಗಲಿಲ್ಲ. ನನಗೀಗ ಐವತ್ತೇಳು, ಅವರಿಗೆ ಅರವತ್ತು. ಎಲ್ಲರೂ ಅವರಿಗೆ ನೂರು ವರ್ಷ ಆಯುಸ್ಸು ಕೋರುತ್ತಿದ್ದಾರೆ. ದಯವಿಟ್ಟು ಇನ್ನೊಂದಿಷ್ಟು ಹೆಚ್ಚು ಕೋರಿರಿ. ಅವರಿಲ್ಲದೆ ನನಗೆ ಹಾಡುವ ಮನಸ್ಸಿಲ್ಲ.