ಕಸ್ಟಮ್ಸ್ ಮೇಜಿನ ಮೇಲೆ ಬಾವಲಿ ಯಂತ್ರ

“ಮೇಡಂ, ಇದು ವಾಕಿಟಾಕಿನಾ?”

ಬೆಂಗಳೂರು ಏರ್‌ಪೋರ್ಟಿನ ಕಸ್ಟಮ್ಸ್ ಅಧಿಕಾರಿ ನನ್ನ ಬ್ಯಾಗಿನಿಂದ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಹೊರತೆಗೆದು ಕೇಳಿದರು.

“ಅಲ್ಲ ಸರ್. ಬಾವಲಿ ಕೂಗು ಕೇಳೋ ಮಷೀನು.”

ಪಕ್ಕದಲ್ಲಿದ್ದ ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡರು. (ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಅವರು ಹೊಲಿಗೆ ಯಂತ್ರಗಳ ಮೇಳ ನೋಡಲು ಜರ್ಮನಿಗೆ ಹೋಗಿದ್ದರು. ನಾನು ಊರು ನೋಡಲು ಬೆನ್ನು ಹತ್ತಿದ್ದೆ. ಈಗಷ್ಟೇ ವಾಪಸ್ ಬಂದಿಳಿದಿದ್ದೆವು.)

ಅಲ್ಲಿಂದ ಆ ಡಬ್ಬಿ ತರಲು ಹೇಳಿದವಳು ನನ್ನ ದೊಡ್ಡಮ್ಮನ ಮಗಳು ಶಾಂತಕ್ಕ. ಸಿರುಗುಪ್ಪದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ರಿಟೈರಾಗಿ ಈಗ ಕುರುಗೋಡಿನಲ್ಲಿದ್ದಾಳೆ. ಬಾವಲಿ ಕೂಗುತ್ತದೆ, ಆ ಕೂಗು ಎದುರಿಗಿದ್ದದ್ದಕ್ಕೆ ಬಡಿದು ಮರಳುತ್ತದೆ, ಅದರಿಂದಲೇ ಅದಕ್ಕೆ ಕತ್ತಲಲ್ಲೂ ದಾರಿ ತಿಳಿಯುತ್ತದೆ, ನಮ್ಮ ಕಿವಿಗೆ ಮಾತ್ರ ಅದು ಕೇಳುವುದಿಲ್ಲ. ಸರ್ವೀಸಿನುದ್ದಕ್ಕೂ ಇದನ್ನು ಪಾಠ ಮಾಡಿದಳು. ಒಮ್ಮೆಯೂ ಕೇಳಿರಲಿಲ್ಲ. ಈಗ ಇರುವ ಕಿವಿಯೂ ಮಂದವಾಗುತ್ತಿದೆ.

“ಪೂರ್ತಿ ಕಿವುಡಿ ಆಗೋದ್ರಾಗ ಒಂದ್ಸಲ ಕೇಳ್ಬೇಕಲೇ” ಅಂದಿದ್ದಳು.

“ಸಿಗ್ನಲ್ ಕಳಿಸೋ ಸಾಧನ ಆದ್ರೆ ಪರ್ಮಿಷನ್ ಬೇಕು. ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ” ಅಂದರು ಅಧಿಕಾರಿ.

ಬರಿಗೈಯಲ್ಲಿ ಹೋಗಿ ಅಕ್ಕನಿಗೆ ಏನು ಹೇಳಲಿ? ಅಧಿಕಾರಿಯ ಒಪ್ಪಿಗೆ ಪಡೆದು ಆಕೆಗೇ ಫೋನ್ ಹಚ್ಚಿದೆ. ಸ್ಪೀಕರ್ ಹಾಕಿದೆ.

“ಅದು ಏನೂ ಕಳ್ಸಂಗಿಲ್ರೀ ಸಾಹೇಬ್ರ, ಬರೇ ಕೇಳತೈತಿ. ನಮ್ಮ ಕಿವಿಗೆ ಸಿಗದ ದನಿ ಹಿಡಿದು ನಮಗ ಕೇಳಸತೈತಿ. ಆನ್ ಮಾಡ್ರಿ. ಅದರ ಮುಂದ ಬೆರಳಿಗೆ ಬೆರಳು ತಿಕ್ಕಿ ನೋಡ್ರಿ.”

ಅಧಿಕಾರಿ ಅನುಮಾನದಿಂದಲೇ ತಿಕ್ಕಿದರು. ಡಬ್ಬಿಯಿಂದ ಸರ ಸರ ಸದ್ದು ಬಂತು, ಯಾರೋ ಒಣಗಿದ ಎಲೆಗಳ ಮೇಲೆ ನಡೆದ ಹಾಗೆ.

“ಇದು ನನ್ನ ಬೆರಳಾ?”

ತಮ್ಮ ಕೈಯನ್ನು ಬೇರೆ ಯಾರದೋ ಕೈ ಎನ್ನುವಂತೆ ನೋಡಿಕೊಂಡರು. ಮತ್ತೆ ತಿಕ್ಕಿದರು. ಆಮೇಲೆ ಯೂನಿಫಾರ್ಮಿನ ತೋಳು ಸವರಿದರು. ಪಕ್ಕದ ಮೇಜಿನವರು ಎದ್ದು ಬಂದು ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಅಬ್ಬಾ, ತಗಡಿನ ಮೇಲೆ ಆಲಿಕಲ್ಲು ಸುರಿದಂತೆ! ಇಬ್ಬರೂ ದೊಡ್ಡ ಅಧಿಕಾರಿಗಳು. ಮುಖ ಮಾತ್ರ ಮೊದಲ ಸಲ ಕನ್ನಡಿ ಕಂಡ ಮಕ್ಕಳದು.

ಬಿಲ್ ನೋಡುವುದು ಅವರಿಗೆ ನೆನಪಾದದ್ದೇ ಆಮೇಲೆ. ಸುಂಕ ಬೀಳುವಷ್ಟು ಬೆಲೆ ಇರಲಿಲ್ಲ. “ತಗೊಂಡು ಹೋಗಿ, ಪಾಪ, ನಿಮ್ಮಕ್ಕ ಕಾಯ್ತಿದ್ದಾರೆ” ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟರು.

ಆ ಭಾನುವಾರ ಹೊತ್ತು ಮುಳುಗುವಾಗ ಕುರುಗೋಡಿನ ಗುಡ್ಡದ ಕೆಳಗೆ, ಹಳೇ ಕಲ್ಲು ಮಂಟಪದ ಮುಂದೆ ಕೂತೆವು. ಹಕ್ಕಿಗಳು ಗೂಡು ಸೇರಿದ್ದವು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಂಟಪದೊಳಗಿಂದ ಸಣ್ಣ ಬಾವಲಿಗಳು ಒಂದೊಂದಾಗಿ ಹೊರಬಿದ್ದವು. ಶಾಂತಕ್ಕ ಡಬ್ಬಿಯನ್ನು ಕಿವಿಗೆ ಹಿಡಿದು ತಿರುಪು ತಿರುಗಿಸಿದಳು.

ಟಕ್. ಟಕ್. ಟಕ್ ಟಕ್ ಟಕ್. ಟರ್ರ್!

“ಟರ್ರ್ ಅಂತಲ್ಲ, ಹುಳ ಹಿಡೀತು ನೋಡಲೇ! ಹಿಡೀತು!” ಎಂದು ಎದ್ದೇ ನಿಂತಳು.

ಸ್ವಲ್ಪ ಹೊತ್ತಿಗೆ ಆಕಾಶವೆಲ್ಲ ಕೂಗಾಟ. ಶಾಂತಕ್ಕನ ಕೆನ್ನೆ ಒದ್ದೆಯಾಗಿತ್ತು.

“ಪಾಠದಾಗ ಇದನ್ನ ಎಷ್ಟು ಸಪ್ಪಗ ಹೇಳಿಬಿಟ್ಟಿದ್ನಲ್ಲೇ” ಅಂದಳು.

ನಾನು ಸ್ವಿಚ್ ಆಫ್ ಮಾಡಿದೆ. ಎಲ್ಲಾ ಶಾಂತ. ಆನ್ ಮಾಡಿದೆ. ತುಂಬಿದ ಸಂತೆ.

ಹಾಗಾದರೆ, ಇಷ್ಟು ವರ್ಷ ನಾವು ನಿಶ್ಶಬ್ದ ಅನ್ನುತ್ತಿದ್ದುದು ಯಾವುದಕ್ಕೆ?